ಬೆಣಚುಕಲ್ಲು ಅಂದುಕೊಂಡಿದ್ದೆ

ಆರು ವರ್ಷ ನಮ್ಮ ಷೋಕೇಸಿನಲ್ಲಿ ಒಂದು ಬಿಳಿ ಕಲ್ಲು ಇತ್ತು. ಬಾಗಲಕೋಟೆ ಕಡೆ ಹೋದಾಗ ರಸ್ತೆ ಬದಿಯಲ್ಲಿ ಸಿಕ್ಕಿದ್ದು. ‘ಬೆಣಚುಕಲ್ಲು’ ಅಂತ ಚೀಟಿ ಅಂಟಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದೆ. ಒಂದು ಭಾನುವಾರ ಅಕ್ಕನ ಮಗಳು ಚಾಕು ತಗೊಂಡು ಅದರ ಮೇಲೆ ಸುಮ್ನೆ ಗೀಚಿದಳು. ಗೆರೆ ಬಿತ್ತು, ಬಿಳಿ ಪುಡಿ ಉದುರಿತು. ನನ್ನ ಮುಖ ಸಣ್ಣದಾಯಿತು. ಬೆಣಚುಕಲ್ಲಿನ ಮೇಲೆ ಚಾಕುವಿನ ಆಟ ನಡೆಯುವುದಿಲ್ಲ. ಚಾಕುವೇ ಸವೆದು, ಪೆನ್ಸಿಲ್ ಎಳೆದ ಹಾಗೆ ಬೂದು ಗೆರೆ ಮೂಡುತ್ತದೆ. ಉದುರಿದ ಪುಡಿಗೆ ನಿಂಬೆರಸ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಅದು ಕ್ಯಾಲ್ಸೈಟ್, ಸುಣ್ಣಕಲ್ಲಿನ ಮುಖ್ಯ ಖನಿಜ!

ಅಂದಿನಿಂದ ನಾನು ಬಣ್ಣ ನಂಬುವುದಿಲ್ಲ, ಗೀಚಿ ನೋಡುತ್ತೇನೆ. 1812ರಲ್ಲಿ ಮೋಸ್ ಎಂಬ ಖನಿಜತಜ್ಞ ಮಾಡಿದ ಗಡಸುತನದ ಪಟ್ಟಿ ಇದಕ್ಕೆ ಸಾಕು. ಅಂಕಿ ಹೆಚ್ಚಿರುವುದು ಕಡಿಮೆ ಇರುವುದನ್ನು ಗೀಚುತ್ತದೆ. ಟಾಲ್ಕ್ 1, ಕ್ಯಾಲ್ಸೈಟ್ 3, ಬೆಣಚು 7, ವಜ್ರ 10. ನಮ್ಮ ಉಗುರು ಸುಮಾರು 2.5, ಚಾಕು 5.5. ಬಳಪದ ಕಲ್ಲಿನಲ್ಲಿ ಟಾಲ್ಕ್ ಜಾಸ್ತಿ, ಉಗುರಿನಿಂದಲೇ ಗೀರು ಬೀಳುತ್ತದೆ. ಹಳೇಬೀಡಿನ ಶಿಲ್ಪಿಗಳ ಉಳಿ ಅಷ್ಟು ನಯವಾಗಿ ಓಡಿದ್ದಕ್ಕೆ ಕಲ್ಲಿನ ಈ ಮೆದುತನವೂ ಒಂದು ಕಾರಣ. (ಅಲ್ಲಿ ಹೋಗಿ ಗೀಚಬೇಡಿ ಮಾರಾಯ್ರೆ!)

ಖನಿಜಕ್ಕೂ ಶಿಲೆಗೂ ಏನು ವ್ಯತ್ಯಾಸ ಅಂತ ತಿಳಿದದ್ದು ರಾಮನಗರದ ಬಂಡೆಯ ಮುಂದೆ, ಭೂತಗನ್ನಡಿ ಹಿಡಿದು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಬಿಸಿಲಿಗೆ ಒಂದೊಂದು ಕಡೆ ಕನ್ನಡಿಯಂತೆ ಮಿಂಚುತ್ತದೆ. ಪಕ್ಕದಲ್ಲಿ ಒಡೆದ ಗಾಜಿನಂಥ ಬೂದು ಬೆಣಚು. ನಡುವೆ ಕಪ್ಪು ಕಾಗೆಬಂಗಾರದ ಚೂರು. ಇವು ಮೂರೂ ಖನಿಜಗಳು, ಒಟ್ಟಾಗಿ ಗ್ರಾನೈಟ್ ಎಂಬ ಶಿಲೆ. ಕರಗಿದ ಕಲ್ಲು ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಹರಳು ಇಷ್ಟು ದಪ್ಪ. ವಿಜಯಪುರದ ಕಪ್ಪು ಬಸಾಲ್ಟ್ ಕೂಡ ಹೀಗೆ ಕರಗಿದ ಕಲ್ಲು ಆರಿ ಆದ ಅಗ್ನಿಶಿಲೆಯೇ, ಆದರೆ ಲಾವಾ ಹೊರಗೆ ಬಂದು ಬೇಗ ಆರಿತು. ಹಾಗಾಗಿ ಹರಳು ಕಣ್ಣಿಗೆ ಕಾಣುವುದೇ ಕಷ್ಟ.

ರೂಪಾಂತರ ಶಿಲೆ ನೋಡಲು ಲಾಲ್‌ಬಾಗ್ ಬಂಡೆ ಹತ್ತಿದರಾಯಿತು. ಸುಮಾರು 300 ಕೋಟಿ ವರ್ಷದ ‘ನೈಸ್’ ಎಂಬ ಶಿಲೆ, ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕಪ್ಪು-ಬಿಳಿ ಪಟ್ಟೆ ಬಂದಿದೆ.

ಪದರ ಶಿಲೆಯ ಪಾಠ ಮಾತ್ರ ದುಬಾರಿಯಾಯಿತು. ನಮ್ಮ ಹಜಾರಕ್ಕೆ ಶಹಾಬಾದ್ ಕಲ್ಲು ಹಾಕಿಸಿದ್ದೆವು. ಅದು ಸುಣ್ಣಕಲ್ಲು, ಪದರ ಪದರವಾಗಿ ಚಪ್ಪಡಿ ಏಳುತ್ತದೆ. ಸಿಮೆಂಟ್ ಕಲೆ ಹೋಗಲಿ ಅಂತ ಕೆಲಸದವರು ಆಸಿಡ್ ಸುರಿದರು. ಬುಸ್ಸೆಂದು ನೊರೆ ಬಂತು, ನಮ್ಮ ಬಿಳಿ ಕಲ್ಲಿನ ಪುಡಿಗೆ ಬಂದಂತೆಯೇ, ಇನ್ನೂ ಜೋರಾಗಿ. ಹೊಳಪೆಲ್ಲ ಹೋಯಿತು. ಅಲ್ಲಿ ಈಗ ಚಾಪೆ ಹಾಸಿದ್ದೇವೆ.