ಸಿಟ್ಟು ಮೊದಲು ಬೆರಳಿಗೆ ಬರುತ್ತದೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ದಿನಾ ಓಡಾಡುವವರಿಗೆ ತಲೆ ಕೆಡಿಸುವ ಸಂಗತಿಗಳೆಲ್ಲ ಬಾಯಿಪಾಠವಾಗಿರುತ್ತವೆ. ಸುಗ್ಗಿ ಬಂತೆಂದರೆ ಸರ್ವಿಸ್ ರಸ್ತೆ ತುಂಬ ಮೆಕ್ಕೆಜೋಳದ ಹಾಸು. ಹೆಬ್ಬಾಳು ಟೋಲ್ ಸಾಲಿನಲ್ಲಿ ಪಕ್ಕದಿಂದ ಮೂತಿ ತೂರಿಸುವ ಕಾರು. ಭರಮಸಾಗರದ ಆಚೆ ಈಚೆ ಎಲ್ಲೋ ಒಂದು ಕಡೆ ರಾಂಗ್ ಸೈಡಲ್ಲಿ ಎದುರಾಗುವ ಟ್ರ್ಯಾಕ್ಟರ್. ಇವತ್ತು ಕಂಡದ್ದು ನಾಳೆಯೂ ಇರುತ್ತದೆ ಎಂದು ಒಪ್ಪಿಕೊಂಡೇ ನಾನು ಗಾಡಿ ತೆಗೆಯುತ್ತೇನೆ. ಹೀಗೆ ಮೊದಲೇ ಎಣಿಸಿಟ್ಟರೆ ಅರ್ಧ ಸಿಟ್ಟು ಮನೆಯಲ್ಲೇ ಉಳಿಯುತ್ತದೆ.

ಉಳಿದರ್ಧ ದೇಹದಲ್ಲಿ ಏಳುತ್ತದೆ. ಬಾಯಿಗೆ ಬೈಗುಳ ಬರುವ ಮುಂಚೆಯೇ ಬೆರಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿರುತ್ತದೆ. ಗೆಣ್ಣು ಬೆಳ್ಳಗಾಗುತ್ತದೆ, ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಆಮೇಲೆ ಬಲಗಾಲು ಭಾರವಾಗುತ್ತದೆ. ಈ ಕ್ರಮ ಗೊತ್ತಿದ್ದವರಿಗೆ ಬೆರಳಿನ ಹಂತದಲ್ಲೇ ತಡೆಯಲು ಆಗುತ್ತದೆ. ಕೈ ಸ್ಟೀರಿಂಗ್ ಮೇಲೇ ಇರಲಿ, ಬೆರಳನ್ನು ಮಾತ್ರ ಒಂದೊಂದಾಗಿ ಸಡಿಲಿಸಿ. ಭುಜ ಇಳಿಸಿ, ಬೆನ್ನನ್ನು ಸೀಟಿಗೆ ಆನಿಸಿ. ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನ ಬಿಡಿ. ಒಳಗೆಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಬೇಕು, ಎದೆಬಡಿತ ಇಳಿಯುವುದು ಆಗಲೇ. ಐದಾರು ಸಲ ಸಾಕು. ಕಣ್ಣು ರಸ್ತೆ ಬಿಟ್ಟು ಕದಲಬಾರದು.

ಹಸಿದ ಹೊಟ್ಟೆ, ನಿದ್ದೆಗೆಟ್ಟ ಕಣ್ಣು, ಏಪ್ರಿಲ್ ಬಿಸಿಲಲ್ಲಿ ಕಾದ ಕಾರು: ಈ ಮೂರರಲ್ಲಿ ಎರಡು ಸೇರಿದರೆ ಉಸಿರಾಟದ ಉಪಾಯವೂ ನಡೆಯುವುದಿಲ್ಲ. ಎರಡು ಇಡ್ಲಿಯನ್ನಾದರೂ ತಿಂದು ಹೊರಡಿ. ಬಿಸಿಲಿಗೆ ನಿಲ್ಲಿಸಿದ ಗಾಡಿಯ ಬಾಗಿಲುಗಳನ್ನೆಲ್ಲ ಎರಡು ನಿಮಿಷ ತೆರೆದಿಟ್ಟು ಆಮೇಲೆ ಕೂರಿ.

ಹೊತ್ತಿನ ಲೆಕ್ಕವನ್ನೂ ಒಮ್ಮೆ ಹಾಕಿ. ಎರಡು ಊರಿನ ನಡುವೆ ಸುಮಾರು 60 ಕಿ.ಮೀ. ಗಂಟೆಗೆ 80ರಲ್ಲಿ ಹೋದರೆ 45 ನಿಮಿಷ, 100ರಲ್ಲಿ ಹೋದರೆ 36 ನಿಮಿಷ. ಉಳಿಯುವುದು ಒಂಬತ್ತೇ ನಿಮಿಷ, ಅದನ್ನೂ ಟೋಲ್ ಸಾಲು ನುಂಗಬಹುದು. ಆ ಒಂಬತ್ತು ನಿಮಿಷಕ್ಕಾಗಿ ದಾರಿಯುದ್ದಕ್ಕೂ ಎಷ್ಟು ಜನರ ಮೇಲೆ ಹಲ್ಲು ಕಡಿಯುತ್ತೇವೆ ನೋಡಿ. ಕಾಲು ಗಂಟೆ ಮುಂಚೆ ಹೊರಡುವುದೇ ನನ್ನ ಮಟ್ಟಿಗೆ ದೊಡ್ಡ ಮದ್ದು.

ಇನ್ನು ಜಾಗ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ‘ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ’ ಎಂದು ಎಣಿಸಿ, ಅದು ಮುಗಿದ ಮೇಲೆಯೇ ನಿಮ್ಮ ಗಾಡಿ ಆ ಕಂಬಕ್ಕೆ ಬರಬೇಕು. 80ರ ವೇಗದಲ್ಲಿ ಅದು ಸುಮಾರು 67 ಮೀಟರ್. ಅಲ್ಲಿ ಯಾರೋ ನುಗ್ಗುತ್ತಾರೆ, ನಿಜ. ನುಗ್ಗಿದವರಿಗೆ ಬಿಟ್ಟು ಮತ್ತೆ ಮೂರು ಎಣಿಸುತ್ತೇನೆ. ಒಬ್ಬರು ನುಗ್ಗಿದರೆ ನಷ್ಟ ಮೂರು ಸೆಕೆಂಡ್, ಅಷ್ಟೇ. ಜಾಗ ಕಡಿಮೆಯಾದಷ್ಟೂ ಮುಂದಿನವರ ಪ್ರತಿ ಬ್ರೇಕ್ ನಮ್ಮ ಎದೆಗೆ ಬಡಿದಂತಾಗುತ್ತದೆ.

ಊರೊಳಗೆ ಎಲ್ಲಾದರೂ ರೈಲ್ವೆ ಗೇಟ್ ಬಿದ್ದಾಗ ಗಮನಿಸಿ. ಮೊದಲು ಎಡಗಡೆ ಒಂದು ಸಾಲು ನಿಲ್ಲುತ್ತದೆ. ಆಮೇಲೆ ಬೈಕ್‌ಗಳು ಸಂದಿಯಲ್ಲಿ ತೂರಿ ಬಲಕ್ಕೆ ಹರಡುತ್ತವೆ, ಹಿಂದೆ ಒಂದು ಆಟೊ, ಅದರ ಹಿಂದೆ ಒಂದು ಕಾರು. ಆಚೆ ಬದಿಯಲ್ಲೂ ಇದೇ ಕತೆ. ಗೇಟ್ ಏಳುವ ಹೊತ್ತಿಗೆ ಎರಡೂ ಕಡೆಯವರು ರಸ್ತೆಯ ಪೂರ್ತಿ ಅಗಲ ತುಂಬಿಕೊಂಡು ಮುಖಾಮುಖಿ. ಹಾರ್ನ್ ಶುರುವಾಗುತ್ತದೆ, ಯಾರಿಗೂ ಹಿಂದಕ್ಕೆ ಹೋಗಲು ಎಡೆಯಿಲ್ಲ. ಇಲ್ಲಿ ನಾನು ಮಾಡುವುದು ಮೂರು ಕೆಲಸ: ಎಡಸಾಲು ಬಿಟ್ಟು ಕದಲುವುದಿಲ್ಲ, ಮುಂದಿನ ಗಾಡಿಯ ಹಿಂದಿನ ಟೈರ್ ನೆಲ ಮುಟ್ಟುವ ಜಾಗ ಕಾಣುವಷ್ಟು ಹಿಂದೆ ನಿಲ್ಲುತ್ತೇನೆ, ಎಂಜಿನ್ ಆರಿಸುತ್ತೇನೆ. ಎಂಜಿನ್ ಆರಿದರೆ ಕಾಲಿಗೆ ಆಕ್ಸಿಲರೇಟರ್ ಒತ್ತುವ ಆಸೆಯೂ ಆರುತ್ತದೆ. ಟೈರ್ ಕಾಣುವಷ್ಟು ಜಾಗ ಏಕೆಂದರೆ, ಜಗಳವೋ ಆಂಬುಲೆನ್ಸೋ ಬಂದಾಗ ರಿವರ್ಸ್ ಹಾಕದೆ ಸ್ಟೀರಿಂಗ್ ತಿರುಗಿಸಿ ಹೊರಬರಬಹುದು.

ಬಾಲಕ್ಕೆ ಅಂಟಿಕೊಂಡು ಲೈಟ್ ಮಿನುಗಿಸುವವರಿಗೆ ಪಾಠ ಕಲಿಸಲೆಂದು ಹಠಾತ್ ಬ್ರೇಕ್ ತುಳಿಯುವವರಿದ್ದಾರೆ. ದಯವಿಟ್ಟು ಬೇಡ. ಹಿಂದಿರುವುದು ಜೋಳ ತುಂಬಿದ ಲಾರಿಯಾಗಿದ್ದರೆ ಅದು ನಿಲ್ಲುವುದು ನಿಮ್ಮ ಸೀಟಿನ ಒಳಗೆ. ನಿಮ್ಮ ಮುಂದಿನ ಅಂತರವನ್ನು ನಾಲ್ಕೈದು ಸೆಕೆಂಡಿಗೆ ಹೆಚ್ಚಿಸಿ. ಎಡ ಇಂಡಿಕೇಟರ್ ಹಾಕಿ, ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆದು, ಎಡ ಲೇನ್ ಖಾಲಿ ಇದೆಯೆಂದು ಕನ್ನಡಿಯಲ್ಲಿ ಖಚಿತವಾದ ಮೇಲೆ ಸರಿದು ದಾರಿ ಬಿಡಿ. ದಾಟಿ ಹೋಗುವಾಗ ಅವರ ಮುಖ ನೋಡಬೇಡಿ. ದಿಟ್ಟಿಸಿ ನೋಡುವುದನ್ನು ಜನ ಸವಾಲೆಂದೇ ತಿಳಿಯುತ್ತಾರೆ.

ಹೊಳಲ್ಕೆರೆ, ಜಗಳೂರು ಕಡೆಯ ರಸ್ತೆಗಳಲ್ಲಿ ರಾತ್ರಿ ಎದುರಿನವರು ಹೈಬೀಮ್ ಇಳಿಸದಿದ್ದರೆ ನಾವೂ ಏರಿಸುವುದು ಅಪಾಯ. ಇಬ್ಬರೂ 80ರಲ್ಲಿದ್ದರೆ ಸೆಕೆಂಡಿಗೆ 44 ಮೀಟರ್ ಹತ್ತಿರವಾಗುತ್ತಿರುತ್ತೀರಿ, ಇಬ್ಬರಿಗೂ ಕಣ್ಣು ಕಾಣುತ್ತಿಲ್ಲ. ವೇಗ ಇಳಿಸಿ, ನೋಟವನ್ನು ಎಡಬದಿಯ ಬಿಳಿ ಗೆರೆಗೆ ತನ್ನಿ. ಗೆರೆ ಅಳಿಸಿದ್ದರೆ ಡಾಂಬರಿನ ಅಂಚು. ಬೆಳಕು ಹಿಂದಿನಿಂದ ಬರುತ್ತಿದ್ದರೆ ಒಳಗನ್ನಡಿಯ ಕೆಳಗಿರುವ ಚಿಕ್ಕ ಗುಂಡಿಯನ್ನು ಮಗುಚಿ, ಪ್ರಖರತೆ ತಗ್ಗುತ್ತದೆ.

ನಮ್ಮದೇ ತಪ್ಪಾದರೆ ಅಂಗೈ ತೆರೆದು ಎತ್ತಿ ತೋರಿಸಿ. ಇಷ್ಟು ಚಿಕ್ಕ ಸನ್ನೆಗೆ ಎಷ್ಟೋ ಜಗಳ ಅಲ್ಲೇ ಸಾಯುತ್ತದೆ. ಹಾರ್ನ್ ಬೇಕಾದರೆ ಎರಡು ಚಿಕ್ಕ ಸದ್ದು ಸಾಕು. ಒತ್ತಿಹಿಡಿದರೆ ಅದು ಬೈಗುಳವೇ. ಅನಗತ್ಯ ಹಾರ್ನ್‌ಗೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಲ್ಲಿ ಮೊದಲ ಸಲಕ್ಕೆ 1,000, ಆಮೇಲೆ 2,000 ರೂಪಾಯಿ ದಂಡವಿದೆ. ಅಪಾಯಕಾರಿ ಚಾಲನೆಗೆ 184ನೇ ಕಲಮು ಬೇರೆ, ಅದರಲ್ಲಿ ಜೈಲಿಗೂ ಅವಕಾಶವಿದೆ.

ಯಾರಾದರೂ ಅಡ್ಡ ನಿಲ್ಲಿಸಿ ಇಳಿದು ಬಂದರೆ ಬಾಗಿಲು ಲಾಕ್, ಎಂಜಿನ್ ಚಾಲೂ, ಗಾಜು ಮಾತು ಕೇಳಿಸುವಷ್ಟು, ಒಂದು ಬೆರಳಿನ ಅಗಲ ಮಾತ್ರ ಕೆಳಗೆ. ‘ಅಣ್ಣಾ, ತಪ್ಪಾತು, ನೀವು ಹೋಗ್ರಿ’ ಎಂದು ಅವರಿಗಿಂತ ಮೆಲುದನಿಯಲ್ಲಿ ಹೇಳಿ. ಯಾರ ತಪ್ಪು ಎಂಬ ವಾದ ಅಲ್ಲಿ ಗೆಲ್ಲುವಂಥದ್ದಲ್ಲ. ಮೊಬೈಲ್ ಮುಖಕ್ಕೆ ಹಿಡಿದು ವಿಡಿಯೊ ಮಾಡಿದರೆ ಕೈ ಮೊದಲು ಬರುವುದು ಆ ಮೊಬೈಲಿಗೇ. ಡ್ಯಾಶ್‌ಕ್ಯಾಮ್ ಇದ್ದರೆ ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಬಾಗಿಲು ಎಳೆದರೆ, ಗಾಜಿಗೆ ಹೊಡೆದರೆ 112ಕ್ಕೆ ಕರೆ ಮಾಡಿ. ಬೈಕಿನವರು ಹೆಲ್ಮೆಟ್ ತೆಗೆಯಬೇಡಿ, ಮುಂದಿನ ಗಾಜನ್ನಷ್ಟೇ ಎತ್ತಿ. ಹೆಲ್ಮೆಟ್ ಕೈಗೆ ಬಂದರೆ ಅದೇ ಆಯುಧವಾಗುತ್ತದೆ, ಬರಿತಲೆಗೆ ರಕ್ಷಣೆಯೂ ಇಲ್ಲ. ಹಿಂಬಾಲಿಸಿ ಬರುತ್ತಿದ್ದರೆ ಮನೆ ದಾರಿ ಹಿಡಿಯಬೇಡಿ. ಪೊಲೀಸ್ ಠಾಣೆ, ಇಲ್ಲವೇ ಜನರಿರುವ ಪೆಟ್ರೋಲ್ ಬಂಕ್ ಅಥವಾ ಟೋಲ್ ಕಡೆ ನಡೆಯಿರಿ.

ಎಲ್ಲ ಮುಗಿದು ಅವರವರ ದಾರಿ ಹಿಡಿದ ಮೇಲೆ ಒಂದು ಹೊತ್ತಿದೆ, ಹೆಚ್ಚಿನವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೈಯೊಳಗಿನ ಕಾವು ಇಳಿಯಲು ಹತ್ತಿಪ್ಪತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಎದುರಾದ ಅಮಾಯಕನ ಮೇಲೆ ಹಳೆಯ ಸಿಟ್ಟು ತಿರುಗುತ್ತದೆ, ಗಾಡಿಯೂ ತಾನಾಗಿ ವೇಗ ಹಿಡಿಯುತ್ತದೆ. ಫೋನ್ ಮಾಡಿ ಯಾರಿಗಾದರೂ ನಡೆದದ್ದನ್ನು ಹೇಳಿಕೊಂಡರೆ ಮತ್ತೆ ಕುದಿ ಬರುತ್ತದೆ, ಅದನ್ನು ಸಂಜೆಗೆ ಇಡಿ. ನಾನು ಮುಂದಿನ ಬಂಕಿನಲ್ಲಿ ನಿಲ್ಲಿಸಿ, ಮುಖ ತೊಳೆದು, ನಾಲ್ಕೂ ಟೈರ್ ನೋಡುತ್ತ ಗಾಡಿಗೆ ಒಂದು ಸುತ್ತು ಬರುತ್ತೇನೆ. ಆಮೇಲೆ ಬಾಟಲಿಯ ನೀರನ್ನು ಅದರ ಮುಚ್ಚಳಕ್ಕೆ ಸುರಿದುಕೊಳ್ಳುತ್ತೇನೆ. ಚೆಲ್ಲದೆ ತುಂಬಿದರೆ ಕೀಲಿ ತಿರುಗಿಸುತ್ತೇನೆ, ಚೆಲ್ಲಿದರೆ ಇನ್ನೈದು ನಿಮಿಷ ನೆರಳಲ್ಲಿ ನಿಲ್ಲುತ್ತೇನೆ.