ನಾಲೆ ಏರಿ ಮೇಲೆ ಸೈಕಲ್: ಹೊರಡುವ ಮೊದಲು ನಕ್ಷೆ ಓದುವುದು ಹೇಗೆ

ಭಾನುವಾರ ಬೆಳಗ್ಗೆ ಮೈಸೂರಿನಿಂದ ರಂಗನತಿಟ್ಟಿನ ಕಡೆಗೆ ಸೈಕಲ್ ತುಳಿಯುವುದು ನನ್ನ ರೂಢಿ. ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಹೋಗಲು ನನಗಿಷ್ಟವಿಲ್ಲ. ಗದ್ದೆ ಬಯಲು, ನಾಲೆ ಏರಿ, ಊರೊಳಗಿನ ಸಣ್ಣ ರಸ್ತೆ ಬೇಕು. ಅಂಥ ದಾರಿ ಹುಡುಕಲು ನಾನು ನಂಬಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಈ ನಕ್ಷೆಯನ್ನು ಬರೆಯುವವರು ನಿಮ್ಮ ನನ್ನಂಥ ಜನರೇ.

ಮೊದಲು ಅದರ ತಾಣ ತೆರೆದು ಸುಮ್ನೆ ಹತ್ತು ನಿಮಿಷ ನೋಡಿ. ಕಂದು ಬಣ್ಣದ ತುಂಡು ಗೆರೆ ಅಂದರೆ ಬಂಡಿ ಜಾಡು. ಕೆಂಪು ಚುಕ್ಕೆಗಳ ಸಾಲು ಕಾಲುದಾರಿ. ಆಮೇಲೆ ಈ ನಕ್ಷೆಯ ಮೇಲೆ ದಾರಿ ಹುಡುಕಿಕೊಡುವ ಬಿರೌಟರ್‌ನ ವೆಬ್ ಪುಟಕ್ಕೆ ಹೋಗಿ 'ಟ್ರೆಕ್ಕಿಂಗ್ ಬೈಕ್' ಆರಿಸಿ. ಹೊರಡುವ ಜಾಗ, ತಲುಪುವ ಜಾಗ ಒತ್ತಿದರೆ ಗೆರೆ ಬರುತ್ತದೆ. ಹಿಡಿಸದಿದ್ದರೆ ಗೆರೆಯನ್ನು ಹಿಡಿದು ಬೇರೆ ರಸ್ತೆಗೆ ಎಳೆಯಿರಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಒಂದು ಮಳೆಗಾಲದಲ್ಲಿ ಗೆರೆ ನನ್ನನ್ನು ಚೆಂದದ ಏರಿಯೊಂದರ ಮೇಲೆ ಹತ್ತಿಸಿತು. ಅರ್ಧ ಕಿಲೋಮೀಟರ್ ಆಗುವಷ್ಟರಲ್ಲಿ ಜೇಡಿಮಣ್ಣು ಮಡ್‌ಗಾರ್ಡಿಗೆ ಮೆತ್ತಿಕೊಂಡು ಚಕ್ರವೇ ತಿರುಗಲಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ವಾಪಸ್ ನಡೆದೆ. ಮನೆಗೆ ಬಂದು ನೋಡಿದರೆ ಆ ಜಾಡಿಗೆ ನೆಲ ಎಂಥದು ಅಂತ ಯಾರೂ ಬರೆದೇ ಇರಲಿಲ್ಲ. ಬರೆಯದೇ ಇದ್ದದ್ದು ನಕ್ಷೆಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಅದಕ್ಕೇ ಈಗ ಬಿರೌಟರ್‌ನಲ್ಲಿ ದಾರಿಯ ವಿವರದ ಪಟ್ಟಿ ತೆರೆದು ಒಂದೊಂದು ತುಂಡನ್ನೂ ಓದುತ್ತೇನೆ. 'ಸರ್ಫೇಸ್' ಎಂಬಲ್ಲಿ 'ಆಸ್ಫಾಲ್ಟ್' ಇದ್ದರೆ ಡಾಂಬರು, 'ಗ್ರೌಂಡ್' ಅಥವಾ 'ಡರ್ಟ್' ಇದ್ದರೆ ಮಣ್ಣು. 'ಟ್ರ್ಯಾಕ್‌ಟೈಪ್' ಎಂಬಲ್ಲಿ ಗ್ರೇಡ್ 1ರಿಂದ 5ರವರೆಗೆ ಇರುತ್ತದೆ. 1 ಗಟ್ಟಿ ನೆಲ, 5 ಪೂರ್ತಿ ಮೆತ್ತಗೆ. ಎರಡೂ ಇಲ್ಲವೆಂದರೆ ಉಪಗ್ರಹ ಚಿತ್ರ ಹಾಕಿ ನೋಡಿ. ಮಳೆ ಬಂದ ವಾರ ಅಂಥ ದಾರಿಗೆ ಹೋಗಲೇಬೇಡಿ.

ಏರುದಾರಿಯ ಲೆಕ್ಕವನ್ನು ತುಸು ಸಡಿಲವಾಗಿ ಓದಿ. ನಮ್ಮ ಕಡೆಯ ಎತ್ತರದ ಅಂಕಿಗಳು ನಾಸಾ ನೌಕೆ 2000ರ ಫೆಬ್ರವರಿಯಲ್ಲಿ ಆಕಾಶದಿಂದ ಅಳೆದದ್ದು. ಚಾಮುಂಡಿ ಬೆಟ್ಟ ಸರಿಯಾಗಿ ಕಾಣುತ್ತದೆ, ನಾಲೆ ಸೇತುವೆಯ ಸಣ್ಣ ದಿಬ್ಬ ಕಾಣುವುದಿಲ್ಲ. ನಡೆಯುವವರು 'ಹೈಕಿಂಗ್' ಆರಿಸಿಕೊಳ್ಳಬೇಕು. ಬೆಟ್ಟದ ಸಾವಿರ ಮೆಟ್ಟಿಲು ಕಾಲಿಗೆ ದಾರಿ, ಸೈಕಲ್ಲಿಗೆ ಅಲ್ಲ.

ಒಪ್ಪಿದ ದಾರಿಯನ್ನು ಜಿಪಿಎಕ್ಸ್ (ದಾರಿಯ ಗೆರೆ ಉಳಿಸುವ ರೂಪ) ಕಡತವಾಗಿ ಇಳಿಸಿ, ಫೋನಿನ ನಕ್ಷೆ ಆ್ಯಪ್ ಆದ ಓಸ್ಮ್‌ಆಂಡ್‌ನಲ್ಲಿ ತೆರೆಯಿರಿ. ಕರ್ನಾಟಕದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ.

ಇನ್ನೊಂದು ಕೆಲಸ ಇದೆ, ದಯವಿಟ್ಟು ಮಾಡಿ. ಆಂಡ್ರಾಯ್ಡ್ ಫೋನಿಗೆ, ನಕ್ಷೆಯ ಖಾಲಿ ವಿವರ ತುಂಬಲು ನೆರವಾಗುವ ಆ್ಯಪ್ ಸ್ಟ್ರೀಟ್‌ಕಂಪ್ಲೀಟ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಬಗ್ಗೆ ಅದೇ ಕೇಳುತ್ತದೆ: ಇಲ್ಲಿ ನೆಲ ಎಂಥದು? ಚಿತ್ರ ನೋಡಿ ಉತ್ತರ ಒತ್ತಿದರೆ ಆಯಿತು. ಉತ್ತರ ನಕ್ಷೆಗೆ ಸೇರಲು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಒಂದು ಉಚಿತ ಖಾತೆ ಬೇಕು, ಅಷ್ಟೇ. ನನ್ನನ್ನು ಕೆಸರಿಗೆ ಇಳಿಸಿದ ಆ ಏರಿಗೆ ಈಗ 'ಮಣ್ಣು' ಎಂದು ಬರೆದಿದ್ದೇನೆ. ಅದರಾಚೆ ಊರಿಗೆ ಇಳಿಯುವ ಎರಡು ತುಂಡು ಇನ್ನೂ ಖಾಲಿ ಇವೆ. ಮಳೆ ನಿಂತ ಮೇಲೆ ಹೋಗಿ ನೋಡಬೇಕು.