ಕಪ್ಪು ಟ್ಯೂಬ್ ಮುಟ್ಟದೆ ಮಳೆಯ ಬಂದರು ಬರೆದದ್ದು

ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿ ಫ್ರಾನ್ಸಿನ ಚಿತ್ರಕಾರ ಕಮೀಲ್ ಪಿಸಾರೊ ಅವರ ಒಂದು ಚಿತ್ರವಿದೆ. ‘ರುವಾನ್‌ನ ಬ್ವಾಲ್ದ್ಯು ಸೇತುವೆ, ಒದ್ದೆ ಹವೆ’ ಅಂತ ಹೆಸರು. 1896ರದ್ದು. ಫ್ರಾನ್ಸಿನ ರುವಾನ್ ಊರಿನ ನದಿ ಬಂದರು, ಮಳೆಯಲ್ಲಿ: ಕಬ್ಬಿಣದ ಸೇತುವೆ, ದೋಣಿಗಳ ಹೊಗೆ, ಹಡಗುಕಟ್ಟೆಯ ಮೇಲೆ ಸಾಮಾನು. ಮೊದಲ ಸಲ ಅದರ ಮುಂದೆ ನಿಂತಾಗ ನನಗೆ ಥಟ್ಟನೆ ಊರು ನೆನಪಾಯಿತು. ನಾನು ಬೆಳೆದದ್ದು ಮಂಗಳೂರಿನ ಹಳೆ ಬಂದರಿನ ಹತ್ತಿರ. ಫಲ್ಗುಣಿ ನದಿಯ ದಡದ ಬಂದರು ಅದು. ಅಪ್ಪ ಅಲ್ಲಿ ಒಂದು ಮಂಡಿಯಲ್ಲಿ ರೈಟರ್ ಆಗಿದ್ದರು. ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ, ಅಂದರೆ ಸರಕಿನ ಹಡಗಿಗೆ, ಎಷ್ಟು ಗೋಣಿ ಏರಿತು ಅಂತ ಲೆಕ್ಕ ಬರೆಯುತ್ತಿದ್ದರು. ದಕ್ಕೆಯ (ಹಡಗುಕಟ್ಟೆಯ) ಗದ್ದಲ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಒಬ್ಬರು ಬಣ್ಣದಲ್ಲಿ ಹಿಡಿದಿಟ್ಟಿದ್ದನ್ನು ನೋಡಿದ್ದು ಅವತ್ತೇ.

ಈ ಚಿತ್ರವನ್ನು ನೋಡಿ ಬರೆದೇ ಕಲಿಯಬೇಕು ಅಂತ ತೀರ್ಮಾನ ಮಾಡಿದೆ. ಮೂಲ ಚಿತ್ರ 73.6 × 91.4 ಸೆಂ.ಮೀ. ಅಷ್ಟು ದೊಡ್ಡದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗದು. 16 × 20 ಇಂಚಿನ ಕ್ಯಾನ್ವಾಸ್ ತಂದೆ. ಉದ್ದ ಅಗಲದ ಅನುಪಾತ ಹೆಚ್ಚು ಕಡಿಮೆ ಹಾಗೇ ಹೊಂದುತ್ತದೆ. ಬುಧವಾರ ಸಂಜೆ ಕೆಲಸ ಮುಗಿಸಿ ಗ್ಯಾಲರಿಗೆ ಹೋಗಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುವುದು, ಶನಿವಾರ ಮನೆಯಲ್ಲಿ ಬಣ್ಣ ಹಚ್ಚುವುದು. ಇಡೀ ಚಳಿಗಾಲ ಹೀಗೇ ನಡೆಯಿತು.

ಮೊದಲ ಕ್ಯಾನ್ವಾಸ್ ಪೂರ್ತಿ ಹಾಳಾಯಿತು. ಊರಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಎರಡೂ ಪಾಸು ಮಾಡಿದ ಕೈ ನನ್ನದು. ಗೆರೆ ನೇರ ಬರಬೇಕು, ಅಂಚು ಚೊಕ್ಕ ಇರಬೇಕು ಅಂತ ಅಭ್ಯಾಸವಾಗಿತ್ತು. ಸೇತುವೆಗೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಬೂದು ಬಣ್ಣ ಬೇಕಲ್ಲ, ಕಪ್ಪಿಗೆ ಬಿಳಿ ಕಲಸಿದೆ. ಆಕಾಶಕ್ಕೆ ಬಿಳಿ ಜಾಸ್ತಿ, ನದಿಗೆ ಸ್ವಲ್ಪ ಕಮ್ಮಿ, ರಸ್ತೆಗೆ ಇನ್ನೂ ಕಮ್ಮಿ. ಎಲ್ಲ ಮುಗಿಸಿ ದೂರ ನಿಂತು ನೋಡಿದರೆ ಮಳೆಯೇ ಇಲ್ಲ. ಸಿಮೆಂಟ್ ಬಳಿದ ಗೋಡೆಯ ಹಾಗಿತ್ತು.

ಮುಂದಿನ ಬುಧವಾರ ಗ್ಯಾಲರಿಯಲ್ಲಿ ಬೇರೇನೂ ಮಾಡಲಿಲ್ಲ. ಚಿತ್ರದ ಬೂದು ಜಾಗಗಳನ್ನು ಮಾತ್ರ ನೋಡುತ್ತಾ ಕೂತೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಬೂದು ಅನ್ನುವ ಒಂದು ಬಣ್ಣವೇ ಇಲ್ಲ! ತಿಳಿ ನೇರಳೆಯ ಪಕ್ಕ ಹಳದಿ ಮಿಶ್ರಿತ ಬಿಳಿ. ಅದರ ಪಕ್ಕ ಹಸಿರು ಛಾಯೆಯ ನೀಲಿ. ಸಣ್ಣ ಸಣ್ಣ ಗೀಟುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಅವೆಲ್ಲ ಸೇರಿ ಒದ್ದೆಯಾದ ಮಧ್ಯಾಹ್ನ.

ಆಮೇಲೆ ಓದಿ ತಿಳಿದುಕೊಂಡೆ. ಪಿಸಾರೊ ತಮ್ಮ ಹತ್ತಿರ ಕಲಿಯಲು ಬಂದ ಯುವ ಕಲಾವಿದರೊಬ್ಬರಿಗೆ ಹೇಳಿದ್ದು ಆರೇ ಬಣ್ಣ: ಸೀಸದ ಬಿಳಿ, ತಿಳಿ ಕ್ರೋಮ್ ಹಳದಿ, ವೆರೊನೀಸ್ ಹಸಿರು, ಅಲ್ಟ್ರಾಮರೀನ್ ಅಥವಾ ಕೋಬಾಲ್ಟ್ ನೀಲಿ, ಗಾಢ ಮ್ಯಾಡರ್ ಕೆಂಪು, ವರ್ಮಿಲಿಯನ್ ಅನ್ನುವ ಉಜ್ವಲ ಕೆಂಪು. ಕಪ್ಪು ಅದರಲ್ಲಿ ಇಲ್ಲ. ನಾನೂ ಕಪ್ಪು ಟ್ಯೂಬನ್ನು ಡಬ್ಬಿಯಿಂದ ತೆಗೆದು ಮೇಜಿನ ಡ್ರಾದಲ್ಲಿಟ್ಟೆ.

ಈಗ ನಾನು ಬೂದು ಕಲಸುವ ರೀತಿ ಹೇಳುತ್ತೇನೆ. ಬಟಾಣಿ ಗಾತ್ರದ ಅಲ್ಟ್ರಾಮರೀನ್ ತೆಗೆದುಕೊಳ್ಳಿ. ಅದಕ್ಕೆ ಅರ್ಧದಷ್ಟು ಅಲಿಜರಿನ್ ಕೆಂಪು (ಮ್ಯಾಡರ್ ಕೆಂಪಿನ ಬದಲಿಗೆ). ಗಾಢ ನೇರಳೆ ಬರುತ್ತದೆ. ಇದಕ್ಕೆ ಚಾಕುವಿನ ತುದಿಯಲ್ಲಿ ಹಳದಿ ಸೇರಿಸುತ್ತಾ ಬನ್ನಿ. ಒಂದು ಹಂತದಲ್ಲಿ ನೇರಳೆಯ ಹೊಳಪು ಸಾಯುತ್ತದೆ. ಅಲ್ಲಿ ನಿಲ್ಲಿಸಿ, ಬಿಳಿ ಹಾಕಿ. ಆ ಗುಡ್ಡೆಯನ್ನು ಮೂರು ಪಾಲು ಮಾಡಿ. ಒಂದಕ್ಕೆ ಚೂರು ನೀಲಿ, ಒಂದಕ್ಕೆ ಚೂರು ಹಳದಿ, ಒಂದಕ್ಕೆ ಚೂರು ಕೆಂಪು. ನದಿ, ಒದ್ದೆ ರಸ್ತೆ, ಹೊಗೆಯ ಹೊಟ್ಟೆ, ಮೂರೂ ಸಿಕ್ಕಿದವು. ಒಂದೇ ತಾಯಿಯ ಮಕ್ಕಳಾದ್ದರಿಂದ ಪಕ್ಕಪಕ್ಕ ಇಟ್ಟರೂ ಜಗಳ ಆಡುವುದಿಲ್ಲ. ಇಷ್ಟರ ಮಟ್ಟಿಗೆ ಬರಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಬರೀ ಕಲಸುವುದಕ್ಕೇ.

ಈ ಚಿತ್ರ ಬರೆಯುವಾಗ ಪಿಸಾರೊಗೆ 65 ವರ್ಷ. ಕಣ್ಣೀರಿನ ನಾಳಕ್ಕೆ ಪದೇ ಪದೇ ಸೋಂಕು ತಗಲುತ್ತಿತ್ತು. ಗಾಳಿ, ಧೂಳು ಕಣ್ಣಿಗೆ ಆಗುತ್ತಿರಲಿಲ್ಲ. ಕ್ಷಣಕ್ಷಣಕ್ಕೆ ಬದಲಾಗುವ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹೊರಟ ಇಂಪ್ರೆಷನಿಸ್ಟ್ ಗುಂಪಿನ 8 ಪ್ರದರ್ಶನಗಳಲ್ಲೂ ಚಿತ್ರ ಇಟ್ಟ ಒಬ್ಬರೇ ಒಬ್ಬರು ಇವರು. ಹೊಲದ ಬದುವಿನಲ್ಲಿ ನಿಂತು ಬರೆದವರು. ಅಂಥವರು ರುವಾನ್‌ಗೆ ಬಂದು ಸೇನ್ ನದಿಯ ದಡದ ಹೋಟೆಲಿನಲ್ಲಿ ಕೋಣೆ ಹಿಡಿದು, ಕಿಟಕಿಯ ಹಿಂದೆ ಕೂತು ಬರೆದರು. ಮಳೆಗೆ ಒಂದು ಕ್ಯಾನ್ವಾಸ್, ಮಂಜು ಕವಿದ ದಿನಕ್ಕೆ ಒಂದು, ಬಿಸಿಲಿಗೆ ಇನ್ನೊಂದು. ಹವೆ ಬದಲಾದ ಹಾಗೆ ಕ್ಯಾನ್ವಾಸ್ ಬದಲಾಗುತ್ತಿತ್ತು. 1896ರಲ್ಲೇ ಎರಡು ಸಲ ಬಂದರು, 1898ರಲ್ಲಿ ಮತ್ತೊಮ್ಮೆ.

ರುವಾನ್ ಸಮುದ್ರದಿಂದ ಸುಮಾರು 120 ಕಿ.ಮೀ. ಒಳಗಿದೆ. ಆದರೂ ಭರತ ಇಳಿತ ಅಲ್ಲಿವರೆಗೂ ಮುಟ್ಟುತ್ತದೆ. ಸಮುದ್ರದ ಹಡಗುಗಳು ನೇರ ಊರೊಳಗೆ ಬರುತ್ತಿದ್ದವು. ಎದುರು ದಡದ ಸಾಂ ಸೆವೇರ್‌ನಲ್ಲಿ ಹೊಸ ರೈಲು ನಿಲ್ದಾಣ, ಸಾಲು ಸಾಲು ಚಿಮಣಿ. ಹಳೆ ಕೆಥೆಡ್ರಲ್ ಇರುವ ಊರು ಅದು. ಆ ಕೆಥೆಡ್ರಲನ್ನು ಅದೇ ಗುಂಪಿನ ಕಲಾವಿದ ಕ್ಲೋದ್ ಮೊನೆ ಆಗಲೇ ಬರೆದಾಗಿತ್ತು. ಪಿಸಾರೊ ಮಾತ್ರ ಈ ಕಬ್ಬಿಣದ ಸೇತುವೆ, ಕ್ರೇನು, ಕೂಲಿಯವರು, ದೋಣಿಗಳ ಹೊಗೆಯನ್ನು ಹಿಡಿದರು. ಇದು ವೆನಿಸ್‌ನಷ್ಟೇ ಚೆಂದ ಅಂತ ಮಗ ಲೂಸಿಯೆನ್‌ಗೆ ಕಾಗದ ಬರೆದರು. ಆ ಮಾತು ಓದಿದ ದಿನ ನನಗೆ ತುಂಬ ಸಂತೋಷವಾಯಿತು. ನಮ್ಮ ಬಂದರನ್ನು ಚೆಂದ ಅಂದವರನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಆ ಸೇತುವೆ ಈಗಿಲ್ಲ. 1940ರ ಯುದ್ಧದಲ್ಲಿ ಹೋಯಿತು.

ಎರಡನೇ ಕ್ಯಾನ್ವಾಸಿನಲ್ಲಿ ಸೇತುವೆಗೆ ಸ್ಕೇಲ್ ಮುಟ್ಟಿಸಲಿಲ್ಲ. ಟರ್ಪಂಟೈನ್‌ನಲ್ಲಿ ತೆಳ್ಳಗೆ ಮಾಡಿದ ನೀಲಿಯಲ್ಲಿ ಓರೆಯ ದಿಕ್ಕು ಮಾತ್ರ ಗುರುತು ಮಾಡಿದೆ. ಒಣಗಲು ಒಂದು ವಾರ ಬಿಟ್ಟೆ. ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಸ್ವಲ್ಪ ಸೇರಿಸಿದೆ. ಕೆಳಗಿನದು ತೆಳು, ಮೇಲಿನದು ಎಣ್ಣೆ ಜಾಸ್ತಿ. ಇದನ್ನು ತಿರುಗುಮುರುಗು ಮಾಡಿದರೆ ಬಣ್ಣ ಬಿರುಕು ಬಿಡುತ್ತದೆ.

ಅತಿ ಕಷ್ಟವಾದದ್ದು ಹೊಗೆ. ಬಿಳಿ ಹೊಗೆ ಅಂದರೆ ಬಿಳಿ ಬಣ್ಣ ಅಂತ ನಾನು ಅಂದುಕೊಂಡಿದ್ದೆ. ಮೂರು ಸಲ ಕೆರೆದು ತೆಗೆದೆ. ಕೊನೆಗೆ ಒಂದು ಬೆಳಿಗ್ಗೆ ನಮ್ಮ ಅಡುಗೆಮನೆ ಕಿಟಕಿಯಿಂದ ಎದುರು ಕಟ್ಟಡದ ಬಿಸಿನೀರಿನ ಹಬೆ ನೋಡಿದೆ. ಕೆಳಗೆ ಇಟ್ಟಿಗೆ ಗೋಡೆಯ ಮುಂದೆ ಅದು ಬೆಳ್ಳಗೆ ಕಾಣುತ್ತಿತ್ತು. ಮೇಲೆ ಹೋಗಿ ಆಕಾಶದ ಮುಂದೆ ಬಂದ ಕೂಡಲೇ ಅದೇ ಹಬೆ ಕಪ್ಪಗಾಯಿತು! ಹಬೆ ಬದಲಾಗಿರಲಿಲ್ಲ, ಹಿಂದಿನದು ಬದಲಾಗಿತ್ತು. ಅವತ್ತೇ ಸಂಜೆ ಆಕಾಶದ ಬಣ್ಣ ಇನ್ನೂ ಹಸಿ ಇದ್ದಾಗಲೇ ಅದರೊಳಗೆ ಹೊಗೆಯನ್ನು ತಿರುವಿದೆ. ಅಂಚು ತಾನಾಗಿ ಕರಗಿತು. ಹಸಿ ಬಣ್ಣದ ಮೇಲೆ ಹಸಿ ಬಣ್ಣ, ಬ್ರಷ್ಷನ್ನು ಒಂದೇ ಸಲ ಒತ್ತಿ ಎತ್ತಬೇಕು. ಎರಡನೇ ಸಲ ತಿಕ್ಕಿದರೆ ಕೆಸರಾಗುತ್ತದೆ.

ಜನರ ವಿಷಯದಲ್ಲಿ ಕೈ ಕಟ್ಟಿಕೊಳ್ಳುವುದೇ ಪಾಠ. ಒಂದು ಗಾಢ ಗೀಟು, ತುದಿಗೆ ಒಂದು ಚುಕ್ಕೆ. ಗೀಟು ಸ್ವಲ್ಪ ಮುಂದಕ್ಕೆ ವಾಲಿದರೆ ಅವಸರದಲ್ಲಿ ಹೋಗುವವ. ನೆಟ್ಟಗಿದ್ದರೆ ನಿಂತವ. ಕೆಳಗೆ ಅಗಲವಾದರೆ ಲಂಗ ತೊಟ್ಟ ಹೆಂಗಸು. ಮುಖ ಬರೆಯಲು ಹೋದರೆ ಆ ಮನುಷ್ಯ ಅಲ್ಲೇ ನಿಂತುಬಿಡುತ್ತಾನೆ, ಗುಂಪು ಚಲಿಸುವುದಿಲ್ಲ. ಅಪ್ಪನನ್ನು ಮಂಡಿಯ ಜಗಲಿಯಿಂದ ನಾನು ಗುರುತು ಹಿಡಿಯುತ್ತಿದ್ದದ್ದು ಮುಖದಿಂದ ಅಲ್ಲ, ಅಲ್ವಾ? ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟು ಬಲಕ್ಕೆ ವಾಲಿ ನಡೆಯುವ ರೀತಿಯಿಂದ.

ರಸ್ತೆ ಒದ್ದೆ ಕಾಣಬೇಕಾದರೆ ಪ್ರತಿ ಗೀಟಿನ ಕೆಳಗೆ ಅದೇ ಬಣ್ಣವನ್ನು ಸ್ವಲ್ಪ ಮಂಕು ಮಾಡಿ ನೇರ ಕೆಳಗೆ ಎಳೆಯಬೇಕು. ಮೇಲೆ ಒಂದೆರಡು ಕಡೆ ಅಡ್ಡ ಗೀಟು ಬಿಳಿಯಲ್ಲಿ. ಅಷ್ಟೇ. ಸುಮ್ನೆ ಎಲ್ಲ ಕಡೆ ಹೊಳಪು ಕೊಟ್ಟರೆ ನೆಲ ಗಾಜಾಗುತ್ತದೆ.

ಮಾರ್ಚ್ ಕೊನೆಗೆ ಮುಗಿಯಿತು. ಸೀಸದ ಬಿಳಿ ನನ್ನ ಹತ್ತಿರ ಇರಲಿಲ್ಲ, ಟೈಟಾನಿಯಂ ಬಿಳಿ ಹಾಕಿದ್ದೆ. ಅದು ತಣ್ಣಗೆ, ದಪ್ಪಗೆ ಕೂರುತ್ತದೆ. ಹಾಗಾಗಿ ನನ್ನ ಆಕಾಶ ಮೂಲದಷ್ಟು ಹಗುರ ಬಂದಿಲ್ಲ. ಅದೊಂದು ಕೊರತೆ ಉಳಿದಿದೆ. ಆದರೆ ಮಳೆ ಬಂದಿದೆ.

ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ನಮ್ಮಲ್ಲಿ ಮಳೆಗಾಲ ಬಂದರೆ ಮಂಜಿಗಳ ಓಡಾಟ ಬಂದ್. ಅಪ್ಪನಿಗೂ ಆಗ ಕೆಲಸ ಕಮ್ಮಿ. ಅಮ್ಮ ಸ್ವಲ್ಪ ಹೊತ್ತು ನೋಡಿ ಫೋನ್ ಮಾಡಿದರು.

“ಈ ಮಳೆಯಲ್ಲಿ ಗೋಣಿ ಇಳಿಸುವುದಾ? ಚಂಡಿ ಆಗುವುದಿಲ್ವಾ?”

ಚಂಡಿ ಅಂದರೆ ನಮ್ಮ ಕಡೆ ಒದ್ದೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಇಡೀ ಚಳಿಗಾಲ ನೋಡಿದ್ದರೂ ಆ ಕಣ್ಣಿಂದ ನೋಡಿರಲಿಲ್ಲ. ಬುಧವಾರ ಮತ್ತೆ ಗ್ಯಾಲರಿಗೆ ಹೋಗಿ ದಕ್ಕೆಯ ಮೇಲಿನ ಸಾಮಾನಿನ ಮುಂದೆ ನಿಂತೆ.